ಕೋಣದ ನೀರು, ಮೃದಂಗದ ಬೆರಳು, ದ್ರಾಕ್ಷಿಯ ಬಣ್ಣ: ಒಬ್ಬ ಮದುವೆ ಫೋಟೊಗ್ರಾಫರನ ಬಿಡುವಿನ ಹುಚ್ಚುಗಳು

ಮದುವೆ, ಗೃಹಪ್ರವೇಶ, ನಾಮಕರಣ. ನನ್ನ ಮನೆ ನಡೆಯುವುದು ಈ ಫೋಟೊಗಳಿಂದ. ಹುಚ್ಚು ಮಾತ್ರ ಬೇರೆ ಮೂರರ ಮೇಲೆ: ಕಂಬಳ, ಸಂಗೀತ ಕಛೇರಿ, ದ್ರಾಕ್ಷಿ ತೋಟ. ತೋಟ ಅಂದರೆ ಅದರ ಕೊನೆಯಲ್ಲಿ ಬರುವ ವೈನೂ ಸೇರಿತು ಅನ್ನಿ. ಎತ್ತಣಿಂದೆತ್ತ ಸಂಬಂಧ ಅಂತ ಗೆಳೆಯರು ಕಾಲೆಳೆಯುತ್ತಾರೆ.

ಸಂಬಂಧ ಇದೆ. ಈ ಮೂರರಲ್ಲೂ ಕಣ್ಣಿಗೆ ಕಂಡ ಮೇಲೆ ಬಟನ್ ಒತ್ತಿದರೆ ತಡವಾಯಿತು ಅಂತಲೇ ಲೆಕ್ಕ. ಕೋಣಗಳ ವಿಷಯದಲ್ಲಿ ತಡ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಮೃದಂಗದಲ್ಲಿ ಒಂದು ಅಕ್ಷರ ಕಾಲ, ಅಂದರೆ ತಾಳದ ಒಂದು ಎಣಿಕೆ. ದ್ರಾಕ್ಷಿಯಲ್ಲಿ ಒಂದು ವಾರ. ಮುಂದೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಚಿತ್ರ ಸಿಗುತ್ತದೆ. ಅದು ಕ್ಯಾಮೆರಾದ ಪುಸ್ತಕ ಓದಿ ಬರುವಂಥದ್ದಲ್ಲ. ಆ ವಿಷಯದ ಹಿಂದೆ ಬಿದ್ದು, ಸುಮ್ನೆ ನೋಡುತ್ತಾ, ಕೇಳುತ್ತಾ ಕೂತಿದ್ದರಿಂದ ಬಂದದ್ದು. ನಾನು ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಹುಚ್ಚು ಬೇರೆ ಇರಬಹುದು. ದಾರಿ ಹೆಚ್ಚುಕಡಿಮೆ ಇದೇ.

ಕಂಬಳ ನನಗೆ ಬಳುವಳಿಯಾಗಿ ಬಂದದ್ದು. ಹೆಂಡತಿಯ ತವರು ಕಾರ್ಕಳದ ಹತ್ತಿರ. ಮಿಯ್ಯಾರಿನ ಲವ-ಕುಶ ಜೋಡುಕರೆ (ಕರೆ ಅಂದರೆ ಕೋಣ ಓಡುವ ಕೆಸರಿನ ಹಾದಿ, ಜೋಡುಕರೆಯಲ್ಲಿ ಅಂಥವು ಎರಡು) ಅಲ್ಲಿಂದ ದೂರವೇನಲ್ಲ, ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆಯೂ ಹತ್ತಿರವೇ. ನವೆಂಬರಿನಿಂದ ಮಾರ್ಚ್ ತನಕ ಶನಿವಾರ ಬಂತೆಂದರೆ ಎಲ್ಲಾದರೂ ಒಂದು ಕಂಬಳ ಇದ್ದೇ ಇರುತ್ತದೆ. ಬಯಲುಸೀಮೆಯವನಾದ ನನಗೆ ಮೊದಮೊದಲು ಕಂಡದ್ದು ಕೆಸರು, ಕೋಣ, ಗಲಾಟೆ ಇಷ್ಟೇ. ನನ್ನ ಭಾವಮೈದ ಒಂದು ದಿನ ಪಕ್ಕಕ್ಕೆ ಎಳೆದುಕೊಂಡು ಹೇಳಿದ: "ಭಾವ, ಕೋಣದ ಮುಖ ನೋಡ್ಲಿಕ್ಕೆ ಹೋಗ್ಬೇಡಿ. ಹಲಗೆ ನೋಡಿ."

ಅವನು ಹೇಳಿದ್ದು ಕನೆಹಲಗೆ ವಿಭಾಗದ ಬಗ್ಗೆ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆಹಲಗೆ ಅಂತ ವಿಭಾಗಗಳಿವೆ. ನೇಗಿಲು ಮತ್ತು ಹಗ್ಗದಲ್ಲಿ ಹಿರಿಯ, ಕಿರಿಯ ಅಂತ ಮತ್ತೆ ಎರಡೆರಡು. ಬೇರೆಲ್ಲ ಓಟದ ಲೆಕ್ಕ. ಕನೆಹಲಗೆ ಮಾತ್ರ ಬೇರೆ. ಓಡಿಸುವವರು ತೂತುಗಳಿರುವ ದಪ್ಪ ಹಲಗೆಯೊಂದರ ಮೇಲೆ ಕಾಲೂರಿ ನಿಲ್ಲುತ್ತಾರೆ. ಕೋಣ ನುಗ್ಗಿದಾಗ ಕರೆಯ ನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡವಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯೇ ನಿಶಾನೆ, 6.5 ಕೋಲು, 7.5 ಕೋಲು ಅಂತ ಅದರ ಎತ್ತರ. ನೀರು ಅದನ್ನು ಮುಟ್ಟಿದರೆ ಗೆಲುವು. ಎಷ್ಟು ಬೇಗ ಓಡಿದ ಅನ್ನುವುದು ಅಲ್ಲಿ ಮುಖ್ಯವಲ್ಲ.

ಇದು ಗೊತ್ತಾದ ಮೇಲೆ ನಾನು ನಿಲ್ಲುವ ಜಾಗವೇ ಬದಲಾಯಿತು. ಹೆಚ್ಚಿನವರು ಮಂಜೊಟ್ಟಿಯ ಕಡೆ, ಅಂದರೆ ಓಟ ಮುಗಿಯುವ ತುದಿಯಲ್ಲಿ, ಲೆನ್ಸ್ ಹಿಡಿದು ಕಾಯುತ್ತಾರೆ. ಎದುರಿಗೆ ನುಗ್ಗಿ ಬರುವ ಕೋಣಗಳ ಚಿತ್ರ ಅಲ್ಲಿ ಚೆನ್ನಾಗಿ ಸಿಗುತ್ತದೆ, ಒಪ್ಪುತ್ತೇನೆ. ಕನೆಹಲಗೆಗೆ ಮಾತ್ರ ನಾನು ನಿಶಾನೆಯ ಪಕ್ಕಕ್ಕೆ ಬರುತ್ತೇನೆ. ಸೂರ್ಯ ನೀರಿನ ಹಿಂದೆ ಇರುವ ಬದಿ ಹುಡುಕುತ್ತೇನೆ. ಸಂಜೆ 4ರ ಮೇಲಿನ ಇಳಿಬಿಸಿಲು ಹಿಂದಿನಿಂದ ಬಿದ್ದರೆ ಕೆಸರುನೀರಿನ ಒಂದೊಂದು ಹನಿಯೂ ಹೊಳೆಯುತ್ತದೆ. ಮುಂದಿನಿಂದ ಬೆಳಕು ಬಿದ್ದರೆ ಅದೇ ನೀರು ಬರೀ ಕಂದು ಗೋಡೆ. ಕ್ಯಾಮೆರಾವನ್ನು ಅಡ್ಡ ಹಿಡಿಯದೆ ಉದ್ದ ಹಿಡಿಯಬೇಕು. ಮೇಲಿನ ಬಟ್ಟೆ ಫ್ರೇಮಿನೊಳಗೆ ಬರದಿದ್ದರೆ ಚಿತ್ರಕ್ಕೆ ಅರ್ಥವೇ ಇಲ್ಲ. ನೀರು ಎಲ್ಲಿಗೆ ಹೊರಟಿತ್ತು ಅಂತ ನೋಡುವವರಿಗೆ ಗೊತ್ತಾಗಬೇಕಲ್ಲ.

ವೇಗದ ಲೆಕ್ಕ ಒಂದನ್ನು ಹೇಳಿಬಿಡುತ್ತೇನೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿಯಾಯಿತು. ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 10 ಚಿತ್ರ ತೆಗೆದರೂ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಜೋಡಿ ಒಂದು ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಬರ್ಸ್ಟ್ ಒತ್ತಿ ಹಿಡಿದರೆ ಸಾಕು ಅನ್ನುವವರು ಈ ಲೆಕ್ಕ ಹಾಕಿ ನೋಡಬೇಕು. ಶಟರನ್ನು ಸೆಕೆಂಡಿನ 1/2000ರಲ್ಲಿಟ್ಟರೆ ಅಷ್ಟರಲ್ಲಿ ಓಟಗಾರ ಅರ್ಧ ಸೆಂಟಿಮೀಟರ್ ಸರಿದಿರುತ್ತಾನೆ, ಹನಿಗಳೂ ನಿಂತಂತೆ ಕಾಣುತ್ತವೆ. 1/60ರಲ್ಲಿಟ್ಟು ಅವರ ಜತೆಗೇ ಕ್ಯಾಮೆರಾ ತಿರುಗಿಸಿದರೆ ಹಿಂದಿನ ಜನ, ಫ್ಲೆಕ್ಸು, ಕಂಬ ಎಲ್ಲ ಗೆರೆಗಳಾಗುತ್ತವೆ. ನೇಗಿಲು, ಹಗ್ಗದ ವಿಭಾಗಕ್ಕೆ ನನಗೆ ಈ ಎರಡನೆಯದೇ ಇಷ್ಟ. ಓಟದ ಬಿರುಸು ಅದರಲ್ಲಿದೆ.

ಆಟೊಫೋಕಸ್ ಇಲ್ಲಿ ಮೋಸ ಮಾಡುತ್ತದೆ. ಅದು ಮುಂದೆ ಹಾರುವ ಹನಿಯನ್ನು ಹಿಡಿಯುತ್ತದೆ, ಮನುಷ್ಯನನ್ನು ಬಿಡುತ್ತದೆ. ಹೊಸ ಕ್ಯಾಮೆರಾಗಳಲ್ಲಿ ಫೋಕಸ್ ಎಷ್ಟು ಬೇಗ ಬೇರೆ ವಸ್ತುವಿಗೆ ಜಿಗಿಯಬೇಕು ಅಂತ ಹೊಂದಿಸಬಹುದು. ಅದನ್ನು ಆದಷ್ಟು ನಿಧಾನಕ್ಕೆ ಇಡಿ. ನಾನು ಇನ್ನೂ ಹಳೆಯ ಉಪಾಯವನ್ನೇ ನಂಬಿದ್ದೇನೆ. ನಿಶಾನೆಯ ಕೆಳಗೆ ಕರೆಯ ಅಂಚಿನಲ್ಲಿರುವ ಒಂದು ಗುರುತಿಗೆ ಮೊದಲೇ ಫೋಕಸ್ ಮಾಡಿ ಬಿಟ್ಟುಬಿಡುವುದು. ಜೋಡಿ ಅಲ್ಲಿಗೆ ಬರುವ ಸ್ವಲ್ಪ ಮೊದಲು ಒತ್ತುವುದು. ಲೆನ್ಸಿಗೆ ಒಂದು ಗಾಜಿನ ಫಿಲ್ಟರ್, ಕ್ಯಾಮೆರಾಗೆ ಪ್ಲಾಸ್ಟಿಕ್ ಹೊದಿಕೆ, ಜೇಬಿನಲ್ಲಿ ಹಳೇ ಪಂಚೆಯ ತುಂಡು. ಇಷ್ಟಿದ್ದರೆ ಕೆಸರಿಗೆ ಹೆದರಬೇಕಿಲ್ಲ.

ಇನ್ನೊಂದು ಮಾತು. 2014ರಲ್ಲಿ ಪ್ರಾಣಿಹಿಂಸೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಜಲ್ಲಿಕಟ್ಟು ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ಕಂಬಳ ನಡೆಯಲಿ ಅಂತ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಕೋಣಕ್ಕೆ ಬೀಸುವ ಬೆತ್ತದ ಚಿತ್ರದ ಬಗ್ಗೆ ಅಲ್ಲಿಯವರಿಗೆ ಅಳುಕಿದೆ. ನಾನು ಬೆತ್ತ ಕಂಡರೆ ಚಿತ್ರದಿಂದ ಕತ್ತರಿಸಿ ತೆಗೆಯುವುದೂ ಇಲ್ಲ, ಅದನ್ನೇ ಹುಡುಕಿಕೊಂಡು ಹೋಗುವುದೂ ಇಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಕಂಬಳ ಬಂತು. ಜನ ಕಿಕ್ಕಿರಿದಿದ್ದರು. ನಮ್ಮೂರಲ್ಲೇ ಕಂಬಳ ಅಂತ ಖುಷಿಯಾಯಿತು. ಆದರೆ ಚಿತ್ರದ ಮಟ್ಟಿಗೆ ನನಗೆ ಕರಾವಳಿಯ ಕರೆಯೇ ಸರಿ. ಹಿಂದೆ ತೆಂಗು, ಅಡಿಕೆ ಇರಬೇಕು, ಗದ್ದೆಯ ಅಂಚಿನಲ್ಲಿ ಚರುಮುರಿ ತಿನ್ನುತ್ತಾ ನಿಂತ ಮಕ್ಕಳಿರಬೇಕು.

ಬೇರೆ ಆಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಕ್ರಿಕೆಟ್ ಪಂದ್ಯಕ್ಕೆ ಪ್ರೇಕ್ಷಕನಾಗಿ ಹೋದರೆ ದೊಡ್ಡ ಲೆನ್ಸ್ ಗೇಟಿನಲ್ಲೇ ಉಳಿಯುತ್ತದೆ. ಕಂಠೀರವ ಕ್ರೀಡಾಂಗಣದ ಫುಟ್‌ಬಾಲ್‌ಗೆ ಹೋದಾಗ ಕ್ಯಾಮೆರಾ ಮನೆಯಲ್ಲಿಟ್ಟು ಹೋಗುತ್ತೇನೆ, ಕೂಗಲು ಎರಡೂ ಕೈ ಬೇಕು. ಕೊಡಗಿನ ಕೌಟುಂಬಿಕ ಹಾಕಿಗೆ ಮಾತ್ರ ಒಮ್ಮೆ ಹೋಗಿ ಬನ್ನಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಒಂದೊಂದು ಮನೆತನವೇ ಒಂದೊಂದು ತಂಡ. ಅಜ್ಜನೂ ಮೊಮ್ಮಗನೂ ಒಂದೇ ಜೆರ್ಸಿ ಹಾಕಿಕೊಂಡು ನಿಂತ ಚಿತ್ರ ಬೇರೆಲ್ಲಿ ಸಿಗುತ್ತದೆ ಹೇಳಿ?

ಈಗ ಸಂಗೀತ. ಇದು ನನ್ನ ನಿಜವಾದ ಮನೆ. ಹುಡುಗನಾಗಿದ್ದಾಗ ಕೆಲವು ವರ್ಷ ಮೃದಂಗ ಕಲಿತಿದ್ದೆ. ಕೈ ಮರೆತಿದೆ, ಕಿವಿ ಮರೆತಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರ ಅಂದರೆ ಬೆಂಗಳೂರಿನ ರಸಿಕರಿಗೆ ವಿವರಣೆ ಬೇಕಿಲ್ಲ. ಶ್ರೀರಾಮಸೇವಾ ಮಂಡಳಿಯ ಆ ಉತ್ಸವ ಶುರುವಾದದ್ದು 1939ರಲ್ಲಿ. ಗಾಯನ ಸಮಾಜ ಇನ್ನೂ ಹಳೆಯದು, 1905ರದ್ದು. ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನ ಇದೆ, ಪಿಟೀಲಿನ ಆಕಾರದ ಕಟ್ಟಡ. ಏಳು ತಂತಿಯ ಪಿಟೀಲು ನುಡಿಸಿದ ಮೈಸೂರು ಟಿ. ಚೌಡಯ್ಯನವರ ನೆನಪಿಗೆ ಕಟ್ಟಿದ್ದು. ತಮಾಷೆ ಅಂದರೆ, ನೆಲದ ಮೇಲೆ ನಿಂತು ಎಷ್ಟು ಒದ್ದಾಡಿದರೂ ಆ ಪಿಟೀಲು ಪೂರ್ತಿಯಾಗಿ ಫ್ರೇಮಿಗೆ ಸಿಗುವುದಿಲ್ಲ.

ಕಛೇರಿಯಲ್ಲಿ ಮೊದಲ ತೊಂದರೆ ಮೈಕು. ನಡುವೆ ಕೂತು ತೆಗೆದರೆ ಗಾಯಕರ ಬಾಯಿಯ ಜಾಗದಲ್ಲಿ ಕಪ್ಪು ಗುಂಡು. ಎರಡನೆಯದು ಹಿಂದಿನ ಪರದೆ. ಸರಸ್ವತಿಯ ಪಕ್ಕದಲ್ಲೇ ಬ್ಯಾಂಕು, ಆಭರಣದಂಗಡಿ, ಹಪ್ಪಳದ ಕಂಪನಿ, ಎಲ್ಲ ಅಲ್ಲೇ ಇರುತ್ತವೆ. ಎರಡಕ್ಕೂ ಮದ್ದು ಒಂದೇ: ಪಕ್ಕಕ್ಕೆ ಸರಿಯುವುದು. ವೇದಿಕೆಯ ಅಂಚಿಗೆ ಓರೆಯಾಗಿ ಕೂತರೆ ಮುಖ ಮೈಕಿನಿಂದ ಬಿಡಿಸಿಕೊಳ್ಳುತ್ತದೆ. ಹಿಂದೆ ಕತ್ತಲೆಯ ಪಕ್ಕದ ಪರದೆ ಸಿಗುತ್ತದೆ. ಯಾವ ಪಕ್ಕ ಅನ್ನುವುದನ್ನು ಮೃದಂಗ ನೋಡಿ ತೀರ್ಮಾನಿಸುತ್ತೇನೆ. ಬಲಗೈ ವಾದಕರು ಸಾಮಾನ್ಯವಾಗಿ ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ, ಬಲ ಮುಚ್ಚಿಗೆ, ಅಂದರೆ ಬಲಗೈ ಬಾರಿಸುವ ಚರ್ಮದ ಮುಖ, ನಮ್ಮ ಕಡೆ ತಿರುಗಿರಲಿ ಅಂತ. ಎಡಗೈ ವಾದಕರಾದರೆ ಆ ಕಡೆ. ಬೆರಳು ಬೇಕಾದರೆ ಮುಚ್ಚಿಗೆ ಕಾಣುವ ಜಾಗ. ಗಾಯಕರೂ ಮೃದಂಗದವರೂ ಒಬ್ಬರನ್ನೊಬ್ಬರು ನೋಡುವ ನೋಟ ಬೇಕಾದರೆ ಎದುರು ಮೂಲೆ.

ತಾಳ ಹಾಕಲು ಬಂದರೆ ಕಛೇರಿಯ ಫೋಟೊ ಅರ್ಧ ಸುಲಭ. ಮೃದಂಗ, ಘಟದವರಷ್ಟೇ ನುಡಿಸುವ ಭಾಗ ತನಿ ಆವರ್ತನ. ಅದರ ಕೊನೆಗೆ ಮೋಹರ, ಕೋರ್ವೆ ಅನ್ನುವ ಮುಕ್ತಾಯದ ಲಯದ ಕಟ್ಟುಗಳು ಬರುತ್ತವೆ. ಕೋರ್ವೆಯನ್ನು ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ. ಮೊದಲ ಸಲ ನಾನು ಬರೀ ಕೇಳುತ್ತೇನೆ, ಲೆಕ್ಕ ಹಿಡಿಯುತ್ತೇನೆ. ಎರಡನೇ ಸಲ ಫ್ರೇಮ್ ಸರಿ ಮಾಡಿಕೊಳ್ಳುತ್ತೇನೆ. ಪಿಟೀಲಿನವರು ಒಳಗೆ ಬೇಕೋ, ಘಟ ಪೂರ್ತಿ ಬೇಕೋ ಅಂತ. ಮೂರನೇ ಸಲ ಮುಗಿದು ಹಾಡಿನ ಎಡುಪ್ಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬಂದು ಬೀಳುತ್ತದಲ್ಲ, ಆಗ ವೇದಿಕೆಯ ಮೇಲಿನ ಎಲ್ಲರ ಮುಖವೂ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಗಾಯಕರು ತಲೆ ಎತ್ತುತ್ತಾರೆ, ಮೃದಂಗದವರು ನಗುತ್ತಾರೆ, ಮುಂದಿನ ಸಾಲಿನ ಹಿರಿಯರು "ಭೇಷ್" ಅನ್ನುತ್ತಾರೆ. ಅದು ಇರುವುದು ಒಂದು ಕ್ಷಣ ಮಾತ್ರ. ಎಡುಪ್ಪು ಕೇಳಿದ ಮೇಲೆ ಒತ್ತಿದವನಿಗೆ ಸಿಗುವುದು ಶಲ್ಯ ಸರಿಪಡಿಸಿಕೊಳ್ಳುವ ಚಿತ್ರ.

ಆಲಾಪನೆಯಲ್ಲಿ ಲೆಕ್ಕ ಇಲ್ಲ, ಆದರೆ ದಾರಿ ಇದೆ. ಮಂದ್ರದಲ್ಲಿ ತಿರುಗಾಡುವಾಗ ಹೆಚ್ಚಿನವರ ಕಣ್ಣು ಮುಚ್ಚಿರುತ್ತದೆ, ಕೈ ಮಡಿಲ ಹತ್ತಿರ ಇರುತ್ತದೆ. ಮೆಲ್ಲಗೆ ಮೇಲೇರಿ ತಾರ ಷಡ್ಜದಲ್ಲಿ ನಿಂತಾಗ ಕೈ ಏಳುತ್ತದೆ. ಅದರ ಕೆಳಗಿನ ಸ್ವರ ನಿಷಾದದ ಸುತ್ತ ಸುಳಿದಾಡಲು ಶುರು ಮಾಡಿದರೆ ನಾನು ಬೆರಳನ್ನು ಶಟರಿನ ಮೇಲೆ ಇಡುತ್ತೇನೆ. ಕೆಲವರು ಅಲ್ಲಿಗೆ ಹೋದಂತೆ ಮಾಡಿ ಕೆಳಗಿಳಿಯುತ್ತಾರೆ, ಆಟ ಆಡಿಸುತ್ತಾರೆ. ಆಗ ಫೋಟೊ ತಪ್ಪಿದರೂ ಪರವಾಗಿಲ್ಲ, ಕೇಳಿದ್ದಕ್ಕೆ ನಷ್ಟ ಇಲ್ಲ.

ಸದ್ದು ಮತ್ತು ಬೆಳಕಿನ ಜಗಳ ಇನ್ನೊಂದಿದೆ. ಆಲಾಪನೆಯ ನಡುವೆ ಕ್ಯಾಮೆರಾ ಟಕ್ ಟಕ್ ಅಂದರೆ ಪಕ್ಕದವರು ತಿರುಗಿ ನೋಡುತ್ತಾರೆ, ನೋಡಲೇಬೇಕು. ಅದಕ್ಕೆ ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ. ಆದರೆ ನಮ್ಮ ವಿದ್ಯುತ್ತು 50 ಹರ್ಟ್ಸ್. ಅಗ್ಗದ ಎಲ್ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಎಲೆಕ್ಟ್ರಾನಿಕ್ ಶಟರಿಗೆ ಕಾಣುತ್ತದೆ. ಚಿತ್ರದ ತುಂಬ ಅಡ್ಡ ಪಟ್ಟೆಗಳು ಬರುತ್ತವೆ. ಹಾಗಾಗಿ ಆಲಾಪನೆಯಲ್ಲಿ ಸದ್ದಿಲ್ಲದ ಶಟರ್ ಹಾಕಿ ವೇಗವನ್ನು 1/100 ಅಥವಾ 1/50ಕ್ಕೆ ಇಳಿಸುತ್ತೇನೆ. ಪಟ್ಟೆ ಹೋಗುತ್ತದೆ. ಅಲ್ಲಿ ಹೇಗೂ ಚಲನೆ ಕಡಿಮೆ. ತನಿಯಲ್ಲಿ ಸದ್ದು ಮುಚ್ಚಿಹೋಗುತ್ತದೆ, ಆಗ ಮೆಕ್ಯಾನಿಕಲ್ ಶಟರ್, 1/250ರಿಂದ 1/500. ಬೆರಳು ನಿಂತಂತೆ ಬೇಕಾದರೆ ಅಷ್ಟು ಬೇಕು. ನನಗೆ 1/60ರಲ್ಲಿ ಬೆರಳು ಮಸುಕಾಗಿ, ಮುಖ ಮಾತ್ರ ಚೂಪಾಗಿ ಇರುವ ಚಿತ್ರವೇ ಹೆಚ್ಚು ಇಷ್ಟ. 70-200 ಮಿ.ಮೀ., ಎಫ್ 2.8 ಲೆನ್ಸ್ ಸಾಕು, ಐಎಸ್ಒ 3200 ಅಂದರೆ ಈಗಿನ ಕ್ಯಾಮೆರಾಗಳಿಗೆ ಲೆಕ್ಕವೇ ಅಲ್ಲ. ಫ್ಲಾಶ್ ಬ್ಯಾಗಿನಲ್ಲೂ ಇರುವುದಿಲ್ಲ. ಜಾಗ ಬದಲಿಸುವುದು ಚಪ್ಪಾಳೆಯ ಹೊತ್ತಿನಲ್ಲಿ ಮಾತ್ರ, ಅದೂ ಬಗ್ಗಿಕೊಂಡು.

ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರ ನೋಡುತ್ತಾ ಬೆಳೆದವನು ನಾನು. ಸಾಮಾನ್ಯ ಜನರ ದಿನನಿತ್ಯದ ಬದುಕಿನ ಮೇಲೆ ಅವರಿಗಿದ್ದ ಪ್ರೀತಿ ನನ್ನನ್ನು ವೇದಿಕೆಗೆ ಬೆನ್ನು ಹಾಕಿ ನಿಲ್ಲುವಂತೆ ಮಾಡಿದೆ. ಚಪ್ಪರದ ಹಿಂದಿನ ಸಾಲುಗಳಲ್ಲಿ ಕುರ್ಚಿಯ ಕೈ ಮೇಲೆ ತಾಳ ಹಾಕುವವರು, ರಾಗ ಯಾವುದು ಅಂತ ಪಿಸುಗುಟ್ಟಿ ವಾದ ಮಾಡುವ ದಂಪತಿ, ಕೋಸಂಬರಿಯ ದೊನ್ನೆ ಹಿಡಿದು ನಿದ್ದೆ ಹೋದ ಮಗು. ಕಲಾವಿದರ ಚಿತ್ರ ನಾಲ್ಕು ಜನ ತೆಗೆದಿರುತ್ತಾರೆ. ಇವರದ್ದು ಯಾರೂ ತೆಗೆಯುವುದಿಲ್ಲ.

ವೈನ್ ವಿಷಯಕ್ಕೆ ಬಂದರೆ ಅಮ್ಮ ಇವತ್ತಿಗೂ "ಕುಡಿಯೋದಕ್ಕೆ ಒಂದು ನೆಪ" ಅನ್ನುತ್ತಾರೆ. ಇರಬಹುದು. ಆದರೆ ನನ್ನನ್ನು ಮೊದಲು ಹಿಡಿದದ್ದು ಗಿಡ, ಗ್ಲಾಸಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ 1988ರಲ್ಲಿ ಫ್ರೆಂಚ್ ತಳಿಗಳ ತೋಟ ಶುರು ಮಾಡಿದರು. ಆ ಎತ್ತರದಲ್ಲಿ ಹಗಲು ಬಿಸಿಲು, ರಾತ್ರಿ ತಂಪು. ಅದು ವೈನ್ ದ್ರಾಕ್ಷಿಗೆ ಒಗ್ಗುತ್ತದೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಅದಕ್ಕೂ ಎಷ್ಟೋ ಮೊದಲಿನಿಂದ ಈ ಸೀಮೆಯಲ್ಲಿದೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಜ್ಯೂಸು, ಜಾಮು, ಸಿಹಿ ವೈನು ಆಗುತ್ತದೆ. ನನಗೆ ಅದನ್ನು ಹಾಗೇ ಬಾಯಿಗೆ ಹಾಕಿಕೊಳ್ಳುವುದೇ ಇಷ್ಟ.

ಪ್ರವಾಸಿಗಳು ಮಂಜು ನೋಡಲು 1478 ಮೀಟರ್ ಎತ್ತರದ ಬೆಟ್ಟ ಹತ್ತುವ ಹೊತ್ತಿಗೆ ನಾನು ಕೆಳಗೇ ಉಳಿಯುತ್ತೇನೆ. ವೈನ್ ದ್ರಾಕ್ಷಿಯ ಗಿಡವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸವರುತ್ತಾರೆ. ಕೊಯ್ಲು ಫೆಬ್ರುವರಿ, ಮಾರ್ಚ್. ಚಿತ್ರಕ್ಕೆ ಒಳ್ಳೆಯ ಕಾಲ ಇವೆರಡರ ನಡುವೆ, ಹೊಸ ವರ್ಷದ ಆಸುಪಾಸು. ಆಗ ಕೆಂಪು ತಳಿಗಳ ಕಾಯಿಗೆ ಬಣ್ಣ ತಿರುಗುತ್ತದೆ. ಒಂದೇ ಗೊಂಚಲಲ್ಲಿ ಹಸಿರು, ಗುಲಾಬಿ, ನೇರಳೆ ಮೂರೂ ಇರುತ್ತವೆ. ಮುಂದಿನ ವಾರ ಬಂದರಾಯಿತು ಅಂದುಕೊಂಡರೆ ಎಲ್ಲ ಒಂದೇ ಬಣ್ಣ. ಮೇಸ್ತ್ರಿಯ ಫೋನ್ ನಂಬರ್ ಇಟ್ಟುಕೊಳ್ಳುವುದು ಯಾವ ಲೆನ್ಸಿಗಿಂತಲೂ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ. ಬಿಸಿಲು ಕಾಯಿಯ ಹಿಂದಿನಿಂದ ಬರಬೇಕು. ಹಸಿರು ಕಾಯಿಯೊಳಗೆ ಬೀಜ ಕೂಡ ಕಾಣುತ್ತದೆ. ಗೊಂಚಲನ್ನು ಮಾತ್ರ ಕೈಯಿಂದ ಮುಟ್ಟಬೇಡಿ. ಕಾಯಿಯ ಮೇಲೆ ಬೂದಿ ಬಳಿದ ಹಾಗೆ ಮೇಣದ ತೆಳು ಪೊರೆ ಇರುತ್ತದೆ. ಬೆರಳು ತಾಗಿದರೆ ಗುರುತು ಉಳಿಯುತ್ತದೆ, ಚಿತ್ರದಲ್ಲಿ ಎದ್ದು ಕಾಣುತ್ತದೆ.

ಕೊಯ್ಲು ಬೆಳಗಿನ ತಂಪಿನಲ್ಲೇ ನಡೆಯುತ್ತದೆ, ಹಣ್ಣು ಬಿಸಿಯಾಗಬಾರದು. ಕೊಯ್ಲಿಗೆ ಮುಂಚೆ ಒಂದು ಹನಿ ರಸವನ್ನು ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ಸಕ್ಕರೆಯ ಅಂಶ ನೋಡುತ್ತಾರೆ. ಬೆಳಕಿನ ಕಡೆ ಕೊಳವೆ ಹಿಡಿದು, ಒಂದು ಕಣ್ಣು ಮುಚ್ಚಿ ನಿಂತ ಆ ಭಂಗಿ ನನಗೆ ತುಂಬಾ ಇಷ್ಟ. ಅವರೂ ಒಂಥರಾ ಫೋಟೊಗ್ರಾಫರೇ ಅಲ್ವಾ? ಕೊಯ್ಯುವ ಹೆಂಗಸರು ಮಾತಿನಲ್ಲಿ ಜೋರು. "ಏನಣ್ಣಾ, ಗೊಂಚಲು ಮಾತ್ರಾನಾ ತೆಗಿಯೋದು? ನಮ್ಮದೂ ಒಂದು ತೆಗಿ" ಅನ್ನುತ್ತಾರೆ. ತೆಗೆಯುತ್ತೇನೆ. ಹಣ್ಣಿನ ಚಿತ್ರಕ್ಕಿಂತ ಅವೇ ಚೆನ್ನಾಗಿ ಬರುತ್ತವೆ.

ಮನೆಯಲ್ಲಿ ಬಾಟಲಿಯ ಚಿತ್ರ ತೆಗೆಯುವವರಿಗೆ ಒಂದೆರಡು ಕೈಚಳಕ. ಕೆಂಪು ವೈನ್ ಬಾಟಲಿಯಲ್ಲಿ ಬರೀ ಕಪ್ಪಗೆ ಕಾಣುತ್ತದೆ. ಬಾಟಲಿಯ ಆಕಾರಕ್ಕೆ ಸ್ವಲ್ಪ ಚಿಕ್ಕದಾಗಿ ಬೆಳ್ಳಿ ಕಾಗದ ಕತ್ತರಿಸಿ ಹಿಂದೆ ನಿಲ್ಲಿಸಿ, ಅದರ ಮೇಲೆ ಬೆಳಕು ಬೀಳಿಸಿ. ಬಣ್ಣ ಎದ್ದು ಬರುತ್ತದೆ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ, ಬೇಕಾದರೆ ಸ್ವಲ್ಪ ನೀರು ಬೆರೆಸಿ. ಕುಡಿಯುವವರು ಬೈದುಕೊಳ್ಳಲಿ, ಚಿತ್ರಕ್ಕೆ ಅದೇ ಸರಿ. ಬಿಳಿ ಹಿನ್ನೆಲೆಯಲ್ಲಿ ಗಾಜಿನ ಅಂಚು ಮಾಯವಾಗುತ್ತದೆ. ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸಿದರೆ ಅಂಚಿಗೆ ಕಪ್ಪು ಗೆರೆ ಬಿದ್ದು ಆಕಾರ ಬಿಡಿಸಿದ ಹಾಗೆ ಕಾಣುತ್ತದೆ. ಬಿಳಿ ವೈನಿನ ಗ್ಲಾಸಿನ ಮೇಲೆ ಕಾಣುವ ತಂಪು ಹನಿಗಳು ನಿಜವಾದವಲ್ಲ, ಗ್ಲಿಸರಿನ್ ಮತ್ತು ನೀರು ಸಮಸಮ ಬೆರೆಸಿ ಚಿಮುಕಿಸಿದ್ದು. ಚಿತ್ರ ಮುಗಿದ ಮೇಲೆ ಬೇರೆ ಗ್ಲಾಸಿನಲ್ಲಿ ಕುಡಿಯಿರಿ. ನನ್ನ ಮನೆಯಲ್ಲಿ ಬಿಳಿ ವೈನ್ ಶೆನಿನ್ ಬ್ಲಾಂಕ್ ಜತೆಗೆ ಹೆಸರುಬೇಳೆ ಕೋಸಂಬರಿ, ಕೆಂಪು ವೈನ್ ಶಿರಾಜ್ ಜತೆಗೆ ಖಾರ ಹಾಕಿದ ಬಸ್ಸಾರು. ಬಲ್ಲವರು ಮೂಗು ಮುರಿಯಬಹುದು. ರುಚಿ ನೋಡಿ ಆಮೇಲೆ ಮುರಿಯಲಿ.

ಇವೆಲ್ಲ ಹೊಟ್ಟೆಪಾಡಿಗೆ ಹೇಗೆ ಬಂದವು ಅಂತ ಕೇಳಬಹುದು. ಕಂಬಳದ ನೀರಿನಿಂದ ಕಲಿತದ್ದು ಅಕ್ಷತೆಗೆ ಬಂತು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ, ಓಲಗ ಬಿರುಸಾಗುತ್ತದೆ, ನೂರು ಕೈಗಳಿಂದ ಅಕ್ಕಿ ಹಾರುತ್ತದೆ. ವಿಡಿಯೊದವರ ದೀಪ ಒಂದನ್ನು ಮಂಟಪದ ಹಿಂದೆ ಇಡಿಸಿ 1/1000ರಲ್ಲಿ ತೆಗೆದರೆ ಒಂದೊಂದು ಕಾಳೂ ಗಾಳಿಯಲ್ಲಿ ಹೊಳೆಯುತ್ತದೆ. ಡೋಲಿನವರು ಕೈ ಬಿಗಿ ಮಾಡಿದ್ದು ಕೇಳಿದೊಡನೆ ನನ್ನ ಬೆರಳೂ ಸಿದ್ಧವಾಗುತ್ತದೆ, ತಾಳಿ ಕಟ್ಟುವ ಕೈಯನ್ನು ನೋಡುತ್ತಾ ಕಾಯಬೇಕಿಲ್ಲ. ಎಷ್ಟೋ ಗಿರಾಕಿಗಳು ಆ ಒಂದು ಚಿತ್ರ ನೋಡಿಯೇ ಮುಂಗಡ ಕೊಟ್ಟಿದ್ದಾರೆ.

ಹುಚ್ಚಿನ ಚಿತ್ರಗಳಿಗೆ ದುಡ್ಡು ಕೇಳುವುದಿಲ್ಲ. ಆದರೆ ಕೊಟ್ಟೇ ಕೊಡುತ್ತೇನೆ. ಕಲಾವಿದರಿಗೆ ಫೈಲ್ ಕಳಿಸುವಾಗ ಹೆಸರಿನಲ್ಲಿ ರಾಗ, ತಾಳ, ದಿನಾಂಕ ಬರೆದಿರುತ್ತೇನೆ, ಅವರಿಗೆ ಹುಡುಕಲು ಸುಲಭ. ತೋಟದ ಹೆಂಗಸರಿಗೆ ವಾಟ್ಸಾಪ್ ಸಾಕು, ಮೇಸ್ತ್ರಿಯ ಫೋನಿಂದ ಎಲ್ಲರಿಗೂ ಹೋಗುತ್ತದೆ. ಕೋಣದ ಯಜಮಾನರಿಗೆ ಮಾತ್ರ ಪ್ರಿಂಟೇ ಆಗಬೇಕು. 12x18 ಇಂಚು, ಮ್ಯಾಟ್ ಕಾಗದ, ಕೆಳಗೆ ಕೋಣಗಳ ಹೆಸರು ದಪ್ಪ ಅಕ್ಷರದಲ್ಲಿ. ಓಡಿಸಿದವರ ಹೆಸರನ್ನೂ ಹಾಕಿಸಿ ಅಂತ ನಾನೇ ಕೇಳಿ ಹಾಕಿಸುತ್ತೇನೆ, ಇಲ್ಲದಿದ್ದರೆ ಅದು ಬಿಟ್ಟುಹೋಗುತ್ತದೆ. ಫೆಬ್ರುವರಿಯಲ್ಲಿ ಕೊಯ್ಲು, ಕಂಬಳ, ಮದುವೆ ಮೂರೂ ಒಟ್ಟಿಗೆ ಬರುತ್ತವೆ. ಈ ಸಲ ಶನಿವಾರದ ಎರಡು ಮುಹೂರ್ತಗಳನ್ನು ಗೆಳೆಯನಿಗೆ ಬಿಟ್ಟುಕೊಟ್ಟಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ, ಭಾವಮೈದನಿಗೆ ಹೇಳಿಯಾಗಿದೆ.